ನೀರಿನ ರುಚಿ ಬದಲಾಗದಂತೆ ಊರು ಬದಲಿಸಿದ್ದು

ಪುಣೆ ಬಿಡುವ ಒಂದು ತಿಂಗಳ ಮುಂಚೆ ಮಗನಿಗೆ ಜೀರಿಗೆ ನೀರು ಕೊಡಲು ಶುರು ಮಾಡಿದೆ. ಮೊದಲ ದಿನ ಒಂದು ಲೀಟರಿಗೆ ಆರೇಳು ಕಾಳು. ವಾರ ಕಳೆದ ಮೇಲೆ ಕಾಲು ಚಮಚ. ಹೊರಡುವ ಹೊತ್ತಿಗೆ ತುಂಬಿದ ಒಂದು ಚಮಚ.

ಅವನಿಗೆ 13 ವರ್ಷ, ಆಟಿಸಂ ಇದೆ. ನೀರಿನ ರುಚಿ ಚೂರು ಬೇರೆ ಆದರೂ ಲೋಟ ದೂರ ತಳ್ಳುತ್ತಾನೆ. ಹಿಂದೊಮ್ಮೆ ಮದುವೆಗೆ ಅಂತ ಹಾಸನಕ್ಕೆ ಬಂದಾಗ ಎರಡು ದಿನ ನೀರೇ ಮುಟ್ಟಲಿಲ್ಲ. ತುಟಿ ಒಡೆದು, ಕಣ್ಣು ಒಳಗೆ ಹೋಗಿ, ಕೊನೆಗೆ ಡ್ರಿಪ್ ಹಾಕಿಸಬೇಕಾಯಿತು. ಆ ರಾತ್ರಿ ಅವನ ಕೈ ಹಿಡಿದು ಕೂತಿದ್ದು ನನಗೆ ಮರೆತಿಲ್ಲ. ಹಾಗಾಗಿ ಈ ಸಲ ಮೊದಲು ಯೋಚಿಸಿದ್ದು ನೀರಿನ ಬಗ್ಗೆ. ಎರಡೂ ಊರಿನ ನೀರಲ್ಲಿ ಜೀರಿಗೆಯ ವಾಸನೆಯೇ ಮುಂದಿದ್ದರೆ ಒಳಗಿನ ವ್ಯತ್ಯಾಸ ಅವನಿಗೆ ಗೊತ್ತಾಗಲಿಕ್ಕಿಲ್ಲ ಅನ್ನೋದು ನನ್ನ ಲೆಕ್ಕ.

ಲೆಕ್ಕ ಸರಿಹೋಯಿತು. ಹಾಸನದ ಮನೆಯಲ್ಲಿ ಮೊದಲ ಲೋಟ ಪೂರ್ತಿ ಕುಡಿದ. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ನಾವು ನಾಲ್ಕು ಜನ. ನಮ್ಮನೆಯವರು, ನಾನು, ಮಗ, 9 ವರ್ಷದ ಮಗಳು. ಮಗಳಿಗೆ ಡೌನ್ ಸಿಂಡ್ರೋಮ್, ಅಂದರೆ ಹುಟ್ಟಿನಿಂದಲೇ ಇರುವ, ಕಲಿಕೆ ನಿಧಾನವಾಗುವ ಸ್ಥಿತಿ. ಇಬ್ಬರೂ ಮನೆಯಲ್ಲೇ ಕಲಿಯುತ್ತಾರೆ. ಮಗ ಯುಕೆಜಿ ತನಕ ಶಾಲೆಗೆ ಹೋಗಿದ್ದ. ಗಂಟೆ ಹೊಡೆದಾಗಲೆಲ್ಲ ಬೆಂಚಿನ ಕೆಳಗೆ ಹೋಗಿ ಕಿವಿ ಮುಚ್ಚಿ ಕೂರುತ್ತಿದ್ದ. ವರ್ಷದ ಕೊನೆಗೆ ಬಿಡಿಸಿದೆವು. ಮಗಳನ್ನು ಸೇರಿಸಲೇ ಇಲ್ಲ. ಹನ್ನೊಂದು ವರ್ಷ ಪುಣೆಯಲ್ಲಿದ್ದೆವು. ಹಾಸನದಲ್ಲಿ ಅತ್ತೆ ಒಬ್ಬರೇ ಇದ್ದರು. ನಮ್ಮನೆಯವರಿಗೆ ಇಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಸಿಕ್ಕಿತು. ಸಂಬಳ ಕಡಿಮೆ. ಆದರೂ ಹೊರಟೆವು.

ಇಂಥ ಮಕ್ಕಳಿರುವ ಮನೆಯವರು ಬೇರೆ ರಾಜ್ಯಕ್ಕೆ ಹೊರಟಾಗ ಎಲ್ಲರೂ ಕೇಳೋದು ಲಾರಿ ಬಾಡಿಗೆ ಎಷ್ಟು, ಮನೆ ಸಿಕ್ತಾ ಅಂತ. ನಮಗೆ ದೊಡ್ಡ ಕೆಲಸ ಮಗನ ದಿನವನ್ನು ಒಡೆಯದೆ ಸಾಗಿಸೋದಾಗಿತ್ತು. ಬೆಳಿಗ್ಗೆ ಎದ್ದಾಗ ಕಾಣುವ ಪರದೆ, ತಿಂಡಿಯ ತಟ್ಟೆ, ಪಾಠದ ಹಲಗೆ, ಸಂಜೆಯ ಜಪಸರ. ಇವು ಇದ್ದ ಕ್ರಮದಲ್ಲೇ ಇದ್ದರೆ ಗೋಡೆ ಬದಲಾದರೂ ಅವನು ತಡೆದುಕೊಳ್ಳುತ್ತಾನೆ.

ಫೆಬ್ರವರಿಯಲ್ಲಿ ನಮ್ಮನೆಯವರು ಹಾಸನಕ್ಕೆ ಬಂದು ಮೊಬೈಲಿನಲ್ಲಿ ಮನೆಯ ವಿಡಿಯೋ ಮಾಡಿದರು. ಗೇಟು ತೆಗೆಯೋದು, ಚಪ್ಪಲಿ ಬಿಡೋದು, ಹಾಲು, ಬಚ್ಚಲು, ಅವನ ಕೋಣೆ. ಮಧ್ಯೆ ಅತ್ತೆ ಬಂದು 'ಬಾ ಮಗಾ' ಅಂತಾರೆ. ನಾಲ್ಕು ನಿಮಿಷದ್ದು. ದಿನಾ ರಾತ್ರಿ ಊಟ ಆದ ಮೇಲೆ ಅದನ್ನೇ ನೋಡುತ್ತಿದ್ದೆವು. ಎರಡು ವಾರಕ್ಕೆ ಮಗ ವಿಡಿಯೋದಲ್ಲಿ ಗೇಟು ಕಿರ್ ಅನ್ನುವುದಕ್ಕೆ ಮುಂಚೆಯೇ ತಾನೇ 'ಕಿರ್' ಅನ್ನತೊಡಗಿದ. ಆಮೇಲೆ ಅತ್ತೆಗೆ ಫೋನ್ ಮಾಡಿ, ದಯವಿಟ್ಟು ಗೇಟಿಗೆ ಎಣ್ಣೆ ಹಾಕಿಸಬೇಡಿ ಅಂತ ಹೇಳಿದೆ.

ಗೋಡೆಗೆ ಒಂದು ಹಾಳೆ ಅಂಟಿಸಿ 31 ಚೌಕ ಬರೆದೆ. ದಿನಕ್ಕೊಂದು ಚೌಕಕ್ಕೆ ಅವನೇ ಬಣ್ಣ ತುಂಬುತ್ತಿದ್ದ. ಕೊನೆಯ ಚೌಕದಲ್ಲಿ ಹಾಸನದ ಮನೆಯ ಫೋಟೋ. ಮಗಳಿಗೆ ಇದೆಲ್ಲ ಬೇಕಿರಲಿಲ್ಲ. ಅವಳಿಗೆ ಅಜ್ಜಿ ಮನೆ ಅಂದರೆ ಸಾಕು, ಚೀಲ ಬೆನ್ನಿಗೆ ಹಾಕಿಕೊಂಡು ಬಾಗಿಲ ಹತ್ತಿರ ನಿಲ್ಲುತ್ತಾಳೆ.

ಇನ್ನು ಕಾಗದ ಪತ್ರ. ಒಂದು ವಿಷಯದಲ್ಲಿ ನಾನು ಬೇಗ ಎಚ್ಚೆತ್ತುಕೊಂಡಿದ್ದು ಒಳ್ಳೆಯದಾಯಿತು. ಮಗನ ಅಂಗವೈಕಲ್ಯ ಪ್ರಮಾಣಪತ್ರದ ಅವಧಿ ಆಗಸ್ಟಿಗೆ ಮುಗಿಯುವುದಿತ್ತು. ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ದೇಶದ ಎಲ್ಲ ಕಡೆ ನಡೆಯುತ್ತದೆ, ಅದರಲ್ಲಿ ತೊಂದರೆ ಇಲ್ಲ. ಆದರೆ ನವೀಕರಣಕ್ಕೆ ನಾವು ವಾಸವಿರುವ ಜಿಲ್ಲೆಯ ವೈದ್ಯಕೀಯ ಪ್ರಾಧಿಕಾರಕ್ಕೆ, ಇಲ್ಲವೇ ಚಿಕಿತ್ಸೆ ಪಡೆಯುತ್ತಿರುವ ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಹೊಸ ಜಿಲ್ಲೆಯಲ್ಲಿ ಮಾಡಿಸಬೇಕೆಂದರೆ ಮೊದಲು ಅಲ್ಲಿನ ವಿಳಾಸ ಬೇಕು, ಅದಕ್ಕೆ ಆಧಾರ್ ಬದಲಾಗಬೇಕು, ಅಷ್ಟರಲ್ಲಿ ಅವಧಿ ಮುಗಿದೇ ಹೋಗುತ್ತದೆ. ಹಾಗಾಗಿ ಪುಣೆಯಲ್ಲೇ ಮುಗಿಸಿದೆವು. ಆಟಿಸಂ ಎಷ್ಟರ ಮಟ್ಟಿಗೆ ಇದೆ ಅಂತ ಅಳೆಯೋದು ಐಸಾ ಅನ್ನುವ ಮಾಪನದಲ್ಲಿ. ಅದರಲ್ಲಿ 40 ಅಂಶಗಳು, ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. ಮಗುವನ್ನು ಚೆನ್ನಾಗಿ ಬಲ್ಲ ಜಾಗದಲ್ಲಿ ಇದು ಆಗೋದು ಎಷ್ಟೋ ವಾಸಿ. ಊರು ಬದಲಾದ ಗಲಾಟೆಯಲ್ಲಿರುವ ಹುಡುಗನನ್ನು ಹೊಸ ಕೋಣೆಯಲ್ಲಿ ಕೂರಿಸಿ ಪ್ರಶ್ನೆ ಕೇಳುವುದು ನನಗೆ ಬೇಡವಾಗಿತ್ತು.

ಚರ್ಚಿನ ಕಾಗದ ಇದಕ್ಕಿಂತ ಸುಲಭ. ಅಲ್ಲಿನ ಗುರುಗಳು ಒಂದು ಪತ್ರ ಕೊಟ್ಟರು: ಈ ಕುಟುಂಬ ನಮ್ಮ ಧರ್ಮಕೇಂದ್ರದ್ದು, ಮಗನ ಮೊದಲ ಪರಮಪ್ರಸಾದ ಆಗಿದೆ, ಮಗಳದು ಆಗಬೇಕು ಅಂತ. ಪರಮಪ್ರಸಾದ ಅಂದರೆ ಪೂಜೆಯಲ್ಲಿ ಯೇಸುವೇ ಅಂತ ನಂಬಿ ಸ್ವೀಕರಿಸುವ ರೊಟ್ಟಿ. ಜ್ಞಾನಸ್ನಾನದ ದಾಖಲೆ ಮಾತ್ರ ಅದು ಎಲ್ಲಿ ನಡೆಯಿತೋ ಆ ಚರ್ಚಿನ ಪುಸ್ತಕದಲ್ಲೇ ಉಳಿಯುತ್ತದೆ. ಆಮೇಲಿನ ದೃಢೀಕರಣ ಸಂಸ್ಕಾರ, ಮದುವೆ ಎಲ್ಲ ಅದೇ ಪುಟಕ್ಕೆ ಸೇರುತ್ತವೆ. ಹೊಸದಾಗಿ ಒಂದು ಪ್ರತಿ ತೆಗೆಸಿಕೊಂಡೆ.

ಗ್ಯಾಸ್, ಬ್ಯಾಂಕು, ರೇಷನ್ ಕಾರ್ಡು ಎಲ್ಲರಿಗೂ ಇರುವಂಥದ್ದೇ, ಆಯಿತು.

ಕಾರಿನಲ್ಲಿ ಹೊರಟೆವು. 700 ಕಿ.ಮೀ.ಗೂ ಜಾಸ್ತಿ ದಾರಿ. ಒಂದೇ ದಿನ ಬೇಡ ಅಂತ ಹುಬ್ಬಳ್ಳಿಯಲ್ಲಿ ಉಳಿದೆವು. ನಿಪ್ಪಾಣಿ ಹತ್ತಿರ ಕನ್ನಡ ಬೋರ್ಡು ಕಾಣತೊಡಗಿದಾಗ ಮಗಳು ಕಿಟಕಿಗೆ ಮೂಗು ಒತ್ತಿ ಕೂತಳು. ಅವಳಿಗೆ ಮನೆಯಲ್ಲಿ ಅಕ್ಷರ ಕಲಿಸಿದ್ದು ಕನ್ನಡದಲ್ಲೇ. ಅಲ್ಲಿಯವರೆಗೆ ಅವು ನಮ್ಮ ಮನೆಯ ಕಾರ್ಡುಗಳಲ್ಲಿ ಮಾತ್ರ ಇದ್ದವು. 'ಅಮ್ಮಾ, ಬ! ಅಮ್ಮಾ, ಮ!' ಅಂತ ಬೆಳಗಾವಿ ತನಕ ಕೂಗಿದ್ದೇ ಕೂಗಿದ್ದು. ಮಗ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮಲಗಿದ್ದ.

ಎಡವಿದ್ದು ಲಾರಿಯ ವಿಷಯದಲ್ಲಿ. ಎರಡು ದಿನದಲ್ಲಿ ಬರುತ್ತದೆ ಅಂದಿದ್ದರು, ಐದನೇ ದಿನ ಬಂತು. ಮಗನ ಸಾಮಾನೆಲ್ಲ ಕಾರಿನಲ್ಲಿತ್ತು: ಹಾಸಿಗೆ ಹೊದಿಕೆ, ನೀಲಿ ಪರದೆ, ಸ್ಟೀಲ್ ತಟ್ಟೆ, ದಿನದ ಕೆಲಸಗಳ ಕಾರ್ಡು ಅಂಟಿಸುವ ಹಲಗೆ. ಅವನ ಮೇಲೆಯೇ ಗಮನ ಇಟ್ಟು ಮಗಳ ಔಷಧಿ ಡಬ್ಬ ಲಾರಿಗೆ ಹಾಕಿಬಿಟ್ಟಿದ್ದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಥೈರಾಯ್ಡ್ ತೊಂದರೆ ಸಾಮಾನ್ಯ. ಅವಳು ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ ತೆಗೆದುಕೊಳ್ಳಬೇಕು. ಅವಳ ಹೃದಯದ ಎಕೋ ರಿಪೋರ್ಟೂ ಅದೇ ಡಬ್ಬದಲ್ಲಿ. ಅದೃಷ್ಟಕ್ಕೆ ಡಾಕ್ಟರ ಚೀಟಿಯ ಫೋಟೋ ಮೊಬೈಲಿನಲ್ಲಿತ್ತು. ಮೆಡಿಕಲ್ ಅಂಗಡಿಯವರು ಅದನ್ನು ನೋಡಿ, ಅಷ್ಟೇ ಪವರಿನ ಮಾತ್ರೆ ಹುಡುಕಿ ಕೊಟ್ಟರು. ಹೊರಡುವವರು ಇದೊಂದು ಮಾಡಿ: ಒಂದು ತಿಂಗಳ ಔಷಧಿ, ಎಲ್ಲ ರಿಪೋರ್ಟು, ನಿಮ್ಮ ಕಾಲ ಬುಡದಲ್ಲೇ ಇರಲಿ. ಎಲ್ಲದರ ಫೋಟೋವನ್ನು ಮನೆಯ ಇನ್ನೊಬ್ಬರ ಫೋನಿಗೂ ಕಳಿಸಿ.

ನಾವು ಬಂದಿದ್ದು ಏಪ್ರಿಲ್ ಕೊನೆಗೆ. ಮುಂಗಾರಿಗೆ ಮುಂಚೆ ಸೇರಿಕೊಂಡರೆ ಮಗನಿಗೆ ಮನೆ ರೂಢಿಯಾಗುತ್ತದೆ ಅಂದುಕೊಂಡಿದ್ದೆ. ಬೇಸಿಗೆಯ ಗುಡುಗು ಮಳೆ ನನ್ನ ತಲೆಗೇ ಬಂದಿರಲಿಲ್ಲ. ಹಾಸನದಲ್ಲಿ ಹುಟ್ಟಿ ಬೆಳೆದವಳು ಅದನ್ನು ಹೇಗೆ ಮರೆತೆನೋ! ಎರಡನೇ ಸಂಜೆಯೇ ಸುರಿಯಿತು. ಹಿತ್ತಲಿಗೆ ಅತ್ತೆ ಶೀಟು ಹಾಕಿಸಿದ್ದಾರೆ. ಅದರ ಮೇಲೆ ಆಲಿಕಲ್ಲು. ಮಗ ಕಿರುಚಿ ಕಿರುಚಿ ಕೈ ಕಚ್ಚಿಕೊಂಡ. ಕರೆಂಟು ಹೋಯಿತು. ನಾನು ಅವನನ್ನು ಕಂಬಳಿಯಲ್ಲಿ ಸುತ್ತಿ ಬಿಗಿಯಾಗಿ ಹಿಡಿದುಕೊಂಡೆ, ನಮ್ಮನೆಯವರು ಮೇಣದಬತ್ತಿ ಹುಡುಕುತ್ತಿದ್ದರು. ಅಷ್ಟರಲ್ಲಿ ಅತ್ತೆ ಬಂದು ಅವನ ಪಕ್ಕ ನೆಲದ ಮೇಲೆ ಕೂತರು. ಏನೂ ಹೇಳಲಿಲ್ಲ. ಜಪಸರ ತೆಗೆದು ಮೆಲ್ಲಗೆ 'ನಮೋ ಮರಿಯೆ' ಶುರು ಮಾಡಿದರು. ಪುಣೆಯಲ್ಲಿ ದಿನಾ ಸಂಜೆ ಏಳು ಗಂಟೆಗೆ ನಾವು ಹೇಳುತ್ತಿದ್ದುದೂ ಅದೇ ಕನ್ನಡದ ಜಪ, ಅದೇ ರಾಗ. ಮೂರನೇ ಹತ್ತು ಮಣಿಗೆ ಬರುವಾಗ ಅವನ ಕೈ ಬಾಯಿಂದ ಕೆಳಗೆ ಬಂತು. ಅಜ್ಜಿಯ ಜಪಸರದ ತುದಿಯ ಶಿಲುಬೆ ಹಿಡಿದುಕೊಂಡ.

ಮಳೆ ನಿಂತ ಮೇಲೆ ಅತ್ತೆ ತಮ್ಮ ಕಥೆ ಹೇಳಿದರು. ಅವರ ತವರು ಶೆಟ್ಟಿಹಳ್ಳಿ ಕಡೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಊರು ಮುಳುಗಡೆಗೆ ಹೋಯಿತು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಅಲ್ಲಿನ ಚರ್ಚು ಈಗಲೂ ಹಿನ್ನೀರಿನಲ್ಲಿ ನಿಂತಿದೆ, ಫೋಟೋ ತೆಗೆಯಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅತ್ತೆಗೆ ಅದು ಪೂಜೆಗೆ ಹೋಗುತ್ತಿದ್ದ ಚರ್ಚು. 'ನಮ್ಮವ್ವ ಹೊಸ ಜಾಗಕ್ಕೆ ಬಂದ ದಿನ ಗಂಟು ಬಿಚ್ಚಲಿಲ್ಲ ಕಣವ್ವ' ಅಂದರು. 'ಮೂರು ಕಲ್ಲಿಟ್ಟು ಒಲೆ ಹಚ್ಚಿದ್ಳು. ದಿನಾ ತಿನ್ನೋ ಹೊತ್ತಿಗೆ ದಿನಾ ತಿನ್ನೋ ಮುದ್ದೆನೇ ಕೊಟ್ಳು. ನಾವು ಹುಡುಗ್ರು ಅಳ್ಲೇ ಇಲ್ಲ.'

ಮರುದಿನದಿಂದ ನಾನು ಡಬ್ಬಗಳ ಕಡೆ ನೋಡುವುದು ಬಿಟ್ಟೆ. ಹತ್ತು ಗಂಟೆಗೆ ಹಲಗೆ ಹಾಕಿ ಪಾಠ ಶುರು. ಲಾರಿ ಬಂದ ಮೇಲೂ ಸುತ್ತ ಸಾಮಾನು ಹರಡಿಕೊಂಡೇ ಇತ್ತು, ಇಪ್ಪತ್ತು ದಿನ ಹಾಗೇ ಇತ್ತು.

ಓದಿನ ವಿಷಯಕ್ಕೆ ಬಂದರೆ, ಮೊದಲು ಹೋದ ಒಂದು ಕಚೇರಿಯಲ್ಲಿ ಕೇಳಿದ್ದು 'ಟಿಸಿ ಎಲ್ಲಿ?' ಅಂತ. ಟಿಸಿ ಇಲ್ಲ, ಮನೆಯಲ್ಲೇ ಕಲಿಸ್ತೀವಿ ಅಂದೆ. ಅಲ್ಲಿದ್ದವರು ನನ್ನನ್ನು ಮಕ್ಕಳನ್ನು ಕೂಡಿಹಾಕಿದವಳ ಹಾಗೆ ನೋಡಿದರು. ನಿಜಕ್ಕೂ ನೋವಾಯಿತು. ಹಾಗಾಗಿ ಮುಂದಿನ ಸಲ ಓದಿಕೊಂಡೇ ಹೋದೆ. ಶಿಕ್ಷಣ ಹಕ್ಕು ಕಾಯ್ದೆ ಬಂದಿದ್ದು 2009ರಲ್ಲಿ. 2012ರ ತಿದ್ದುಪಡಿಯಲ್ಲಿ, ಬಹು ಅಂಗವೈಕಲ್ಯ ಅಥವಾ ತೀವ್ರ ಅಂಗವೈಕಲ್ಯ ಇರುವ ಮಗು ಮನೆಯಲ್ಲೇ ಶಿಕ್ಷಣ ಪಡೆಯುವುದನ್ನು ಆರಿಸಿಕೊಳ್ಳಬಹುದು ಅಂತ ಸೇರಿಸಿದರು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಶೇ. 40ಕ್ಕಿಂತ ಕಡಿಮೆ ಇಲ್ಲದ ಅಂಗವೈಕಲ್ಯ ಇರುವ ಮಕ್ಕಳ ಉಚಿತ ಶಿಕ್ಷಣದ ಹಕ್ಕನ್ನು 18 ವರ್ಷದವರೆಗೆ ವಿಸ್ತರಿಸುತ್ತದೆ. ಮುಂದೆ ಶಾಲೆಗೆ ಸೇರಿಸಬೇಕು ಅನ್ನಿಸಿದರೂ ಟಿಸಿ ತಡವಾಯಿತು ಅಂತ ಬಾಗಿಲು ಹಾಕುವ ಹಾಗಿಲ್ಲ.

ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಯ ಕಡೆಯಿಂದ ಬಿಐಇಆರ್‌ಟಿ ಅಂತ ಕರೆಯುವ ವಿಶೇಷ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ನಮಗೆ ಸಿಕ್ಕವರು ಬಹಳ ಒಳ್ಳೆಯ ಮೇಡಂ. ಮಗನ ಹೆಸರು ಹತ್ತಿರದ ಸರ್ಕಾರಿ ಶಾಲೆಯ ದಾಖಲೆಯಲ್ಲಿ ಇರಲಿ, ಕಲಿಕೆ ಗೃಹಾಧಾರಿತ ಅಂತ ನಮೂದಾಗಲಿ ಅಂದರು. ಅವರು ಮೊದಲ ಸಲ ಮನೆಗೆ ಬಂದಾಗ ಮಗನ ಜೊತೆ ಮಾತಾಡಲು ಹೋಗಲಿಲ್ಲ. ಅವನ ಕಾರ್ಡುಗಳ ಹಲಗೆ ನೋಡುತ್ತಾ ಕೂತರು. ಹಲ್ಲುಜ್ಜೋದು, ತಿಂಡಿ, ಲೆಕ್ಕ, ನಡಿಗೆ, ಊಟ. ಆಮೇಲೆ ಚೀಲದಿಂದ ಒಂದು ಖಾಲಿ ಕಾರ್ಡು ತೆಗೆದು ತಮ್ಮ ಮುಖದ ಫೋಟೋ ಅಂಟಿಸಿ ಮೇಜಿನ ಮೇಲಿಟ್ಟು ಹೋದರು. ಮುಂದಿನ ವಾರ ಅವರು ಬರುವ ದಿನ ನಾನು ಅದನ್ನು ಹಲಗೆಗೆ ಅಂಟಿಸಿದೆ. ಅವನು ಬಾಗಿಲು ತೆಗೆದ.

ಮಗಳಿಗೆ ಎನ್‌ಐಒಎಸ್‌ನ ಓಪನ್ ಬೇಸಿಕ್ ಎಜುಕೇಶನ್, ಅಂದರೆ ರಾಷ್ಟ್ರೀಯ ಮುಕ್ತ ಶಾಲೆಯ ಓದು, ಯೋಚಿಸುತ್ತಿದ್ದೇವೆ. ಅದರಲ್ಲಿ ಎ, ಬಿ, ಸಿ ಅಂತ ಮೂರು ಹಂತ, 3, 5, 8ನೇ ತರಗತಿಗೆ ಸಮ. ಅವಸರ ಇಲ್ಲ.

ಮಾತಿನ ಚಿಕಿತ್ಸೆಗೆ ಮೈಸೂರು. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ. ಮೈಸೂರಿನವರು ಸುಮ್ನೆ 'ಸ್ಪೀಚ್ ಅಂಡ್ ಹಿಯರಿಂಗ್' ಅಂದರೆ ಆಟೋದವರಿಗೂ ಗೊತ್ತು. ಹಾಸನದಿಂದ ಸುಮಾರು 120 ಕಿ.ಮೀ. ಇಲ್ಲೊಂದು ಲೆಕ್ಕ ಹೇಳಬೇಕು. ಕೆಎಸ್‌ಆರ್‌ಟಿಸಿಯ ವಿಕಲಚೇತನರ ಪಾಸಿಗೆ ಸರ್ಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬೇಕು, ಕರ್ನಾಟಕದ ವಿಳಾಸ ಇರಲೇಬೇಕು, ಮತ್ತು ಅದು ವಾಸದ ಜಾಗದಿಂದ 100 ಕಿ.ಮೀ. ಒಳಗೆ ಮಾತ್ರ. ಮೈಸೂರು ಅದರಾಚೆ. ನಾನು ಮತ್ತು ಮಗಳು ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿನಲ್ಲಿ ಉಚಿತ, ಅದಕ್ಕೂ ಇಲ್ಲಿನ ವಿಳಾಸ ಬೇಕು. ಹಾಗಾಗಿ ಬಂದ ತಕ್ಷಣ ಮಾಡಬೇಕಾದ ಮೊದಲ ಕಾಗದದ ಕೆಲಸ ಆಧಾರ್ ವಿಳಾಸ. ಅದಾದ ಮೇಲೆ ಯುಡಿಐಡಿ ವಿಳಾಸ ಬದಲಾವಣೆ, ಅದು ಆನ್‌ಲೈನಿನಲ್ಲೇ ಆಗುತ್ತದೆ. ಮಿಕ್ಕಿದ್ದೆಲ್ಲ ಆಮೇಲೆ.

ಮಗನಿಗೆ ಬಸ್ಸಿನ ಹಾರನ್ನು ಆಗುವುದಿಲ್ಲ. ಹೊಳೆನರಸೀಪುರ, ಕೃಷ್ಣರಾಜನಗರದ ಮೇಲೆ ಹೋಗುವ ರೈಲು ಅವನಿಗೆ ಇಷ್ಟ. ಬೌದ್ಧಿಕ ಅಂಗವೈಕಲ್ಯ ಇದ್ದು ಒಬ್ಬರೇ ಪ್ರಯಾಣ ಮಾಡಲಾಗದವರಿಗೆ, ಜೊತೆಗೆ ಹೋಗುವವರಿಗೆ, ಸ್ಲೀಪರ್ ಮತ್ತು ಎರಡನೇ ದರ್ಜೆಯಲ್ಲಿ ಶೇ. 75 ರಿಯಾಯಿತಿ ಇದೆ. ಸರ್ಕಾರಿ ವೈದ್ಯರ ಪ್ರಮಾಣಪತ್ರ ಬೇಕು. ತಿಂಗಳಿಗೊಮ್ಮೆ ಹೋಗುತ್ತೇವೆ. ಅಲ್ಲಿ ಹೇಳಿಕೊಟ್ಟಿದ್ದನ್ನು ತಿಂಗಳಿಡೀ ಮನೆಯಲ್ಲಿ ಮಾಡುತ್ತೇವೆ. ದಿನಾ ಕ್ಲಿನಿಕ್ಕಿಗೆ ಅಲೆಯುವುದಕ್ಕಿಂತ ನಮಗೆ ಇದೇ ಚೆನ್ನಾಗಿ ಹೊಂದಿದೆ.

ಚರ್ಚಿನ ಬಗ್ಗೆ ನನಗೆ ಜಾಸ್ತಿ ಭಯ ಇತ್ತು. ಪುಣೆಯಲ್ಲಿ ನಾವು ಮೂಲೆ ಹುಡುಕಿಕೊಂಡಿದ್ದೆವು, ಜನಕ್ಕೆ ಮಗನ ಗುರುತಿತ್ತು. ಇಲ್ಲಿ ಎಲ್ಲ ಹೊಸದು. ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಯ ಚರ್ಚುಗಳು 1963ರಲ್ಲಿ ಆದ ಚಿಕ್ಕಮಗಳೂರು ಧರ್ಮಕ್ಷೇತ್ರಕ್ಕೆ (ಒಬ್ಬ ಬಿಷಪ್ಪರ ಆಡಳಿತದ ಪ್ರದೇಶ) ಸೇರಿದವು. ನಮ್ಮ ಧರ್ಮಕೇಂದ್ರದ ಗುರುಗಳನ್ನು ಮೊದಲೇ ಕಂಡು ಎಲ್ಲ ಹೇಳಿಕೊಂಡೆ. 'ಭಾನುವಾರ ಬರೋಕೆ ಮುಂಚೆ ಬುಧವಾರ ಮಧ್ಯಾಹ್ನ ಬನ್ನಿ, ಯಾರೂ ಇರಲ್ಲ' ಅಂದರು. ಖಾಲಿ ಚರ್ಚಿನಲ್ಲಿ ಮಗ ಒಂದೊಂದು ಬೆಂಚು ಮುಟ್ಟಿ ನೋಡಿದ. ನಾಲ್ಕು ಬುಧವಾರ ಹಾಗೆ. ಐದನೇ ವಾರ ಬೆಳಗಿನ ಮೊದಲ ಬಲಿಪೂಜೆಗೆ ಹೋದೆವು, ಪಕ್ಕದ ಬಾಗಿಲ ಹತ್ತಿರ ಕೂತೆವು. ಫಾದರ್ ಗಾಯನದವರಿಗೆ ಹೇಳಿ ಸ್ಪೀಕರಿನ ಸದ್ದು ತಗ್ಗಿಸಿದ್ದರು. ಮಗ ಒಮ್ಮೆ ಎದ್ದು ಹೊರಗೆ ಹೋಗಿ ಬಂದ. ಒಬ್ಬ ಅಜ್ಜಿ ಸರಿದು ಜಾಗ ಬಿಟ್ಟರು, ಅಷ್ಟೇ. ಯಾರೂ ತಿರುಗಿ ನೋಡಲಿಲ್ಲ.

ಮಗಳ ಮೊದಲ ಪರಮಪ್ರಸಾದ ಇನ್ನೊಂದು ಚಿಂತೆ. ಹಿಂದೆ ಒಂದು ಕಡೆ, ಎಲ್ಲ ಜಪ ಬಾಯಿಪಾಠ ಬರದೆ ಆಗಲ್ಲ ಅಂದಿದ್ದರು. ಅವಳಿಗೆ ಉದ್ದ ವಾಕ್ಯ ನಿಲ್ಲುವುದಿಲ್ಲ. ಆದರೆ ಕ್ಯಾಥೋಲಿಕ್ ಧರ್ಮಸಭೆಯ 1983ರ ಕ್ಯಾನನ್ ಕಾನೂನು ಹಾಗೆ ಹೇಳಲ್ಲ. ಅಂಗವೈಕಲ್ಯ ಇರುವವರಿಗೆ ಅವರ ಶಕ್ತಿಗೆ ತಕ್ಕಂತೆ ಧರ್ಮಬೋಧೆ ಸಿಗುವ ಹಾಗೆ ನೋಡಿಕೊಳ್ಳೋದು ಧರ್ಮಕೇಂದ್ರದ ಗುರುಗಳ ಹೊಣೆ ಅನ್ನುತ್ತದೆ 777ನೇ ವಿಧಿ. ಮಕ್ಕಳನ್ನು ಪರಮಪ್ರಸಾದಕ್ಕೆ ಸಿದ್ಧ ಮಾಡುವ ಕರ್ತವ್ಯ ಮೊದಲು ತಂದೆತಾಯಿಯದು, ಜೊತೆಗೆ ಗುರುಗಳದು ಅನ್ನುತ್ತದೆ 914ನೇ ವಿಧಿ. ಮನೆಯಲ್ಲೇ ಕಲಿಸುವ ನಮ್ಮಂಥವರಿಗೆ ಇದು ಎಷ್ಟು ದೊಡ್ಡ ಬೆಂಬಲ!

ಅಕ್ಟೋಬರಿನ ಒಂದು ಸಂಜೆ ಫಾದರ್ ಅವಳನ್ನು ಚರ್ಚಿನೊಳಗೆ ಕರೆದುಕೊಂಡು ಹೋದರು. ನಾನು ಹಿಂದೆ ಕೂತೆ. ಜೇಬಿನಿಂದ ಒಂದು ಬಿಸ್ಕತ್ತು ತೆಗೆದು ತೋರಿಸಿ 'ಇದೇನು ಪುಟ್ಟಿ?' ಅಂದರು. 'ಬಿಕ್ಕಿ' ಅಂದಳು, ಅವಳು ಹಾಗೇ ಹೇಳೋದು. ಆಮೇಲೆ ಪರಮಪ್ರಸಾದ ಇಡುವ ಪೆಟ್ಟಿಗೆ ಕಡೆ ಕೈ ತೋರಿಸಿದರು. ಪಕ್ಕದಲ್ಲಿ ಕೆಂಪು ದೀಪ ಉರಿಯುತ್ತಿತ್ತು. 'ಅಲ್ಲಿ?' ಮಗಳು ಬಿಸ್ಕತ್ತನ್ನು ಬೆಂಚಿನ ಮೇಲಿಟ್ಟಳು. ಎರಡೂ ಕೈ ಫ್ರಾಕಿಗೆ ಒರೆಸಿಕೊಂಡು ಜೋಡಿಸಿದಳು. 'ಯೇಸು' ಅಂದಳು, ಪಿಸುಮಾತಲ್ಲಿ. ಫಾದರ್ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ 'ಸಾಕಲ್ವಾ ಅಮ್ಮ?' ಅಂದರು. ಕ್ರಿಸ್ಮಸ್ಸಿನ ವಾರ ಅವಳ ಪರಮಪ್ರಸಾದ ಆಯಿತು. ಬಿಳಿ ಫ್ರಾಕು ಅತ್ತೆ ಹೊಲಿದಿದ್ದು.

ಇಲ್ಲಿ ಬಂದ ಮೇಲೆ ಗಮನಕ್ಕೆ ಬಂದ ಇನ್ನೊಂದು ಸಂಗತಿ ಇದೆ. ಪುಣೆಯಲ್ಲಿ ಮನೆಯೊಳಗೆ ಕನ್ನಡ, ಥೆರಪಿಯಲ್ಲಿ ಹಿಂದಿ, ರಸ್ತೆಯಲ್ಲಿ ಮರಾಠಿ. ಮಗನಿಗಿರುವುದು ಮೂವತ್ತು ನಲವತ್ತು ಮಾತು, ಎಲ್ಲ ಕನ್ನಡದ್ದೇ. ಅಲ್ಲಿ ಆ ಮಾತು ನಮ್ಮ ಹೊರತು ಯಾರಿಗೂ ತಿಳಿಯುತ್ತಿರಲಿಲ್ಲ. ಇಲ್ಲಿ ಅಂಗಡಿಗೆ ಹೋದಾಗ 'ಬೆಲ್ಲ' ಅಂದ. ಅಂಗಡಿಯವರು 'ಎಷ್ಟು ಬೇಕಪ್ಪಾ?' ಅಂತ ಬೆಲ್ಲದ ಅಚ್ಚು ತೆಗೆದರು. ಮಗ ಅವರನ್ನೇ ನೋಡುತ್ತಾ ನಿಂತ. ತನ್ನ ಮಾತಿಗೆ ಹೊರಗಿನವರು ಉತ್ತರ ಕೊಟ್ಟಿದ್ದು ಅವನಿಗೆ ಅದೇ ಮೊದಲು. ಆ ವಾರವಿಡೀ ದಿನಾ ಬೆಲ್ಲ ತಂದೆವು.

ಈಗ ಜನವರಿ. ಸೊಗಡಿನ ಅವರೆಕಾಯಿ ರಾಶಿ ಬಂದಿದೆ. ಲೆಕ್ಕದ ಪಾಠ ಅಜ್ಜಿಯ ಜೊತೆ ಹಿತ್ತಲಲ್ಲಿ ನಡೆಯುತ್ತಿದೆ. ಮಗ ಹತ್ತು ಕಾಯಿ ಸುಲಿದು ಒಂದು ಬಟ್ಟಲಿಗೆ ಹಾಕುತ್ತಾನೆ, ಮಗಳು ಕಾಳಿನ ಸಿಪ್ಪೆ ಹಿತುಕಿ ಗೋಡೆಗೆ ಹಾರಿಸಿ ನಗುತ್ತಾಳೆ. ಕಾರಿನ ನಂಬರು ಬದಲಿಸುವುದು ಬಾಕಿ. 12 ತಿಂಗಳು ದಾಟುವುದರೊಳಗೆ ಪುಣೆಯ ಆರ್‌ಟಿಒದಿಂದ ಎನ್‌ಒಸಿ ತಂದು ಇಲ್ಲಿ ತೆರಿಗೆ ಕಟ್ಟಬೇಕು, ನಮ್ಮನೆಯವರು ಮುಂದಿನ ವಾರ ಹೋಗುತ್ತಾರೆ. ವಿಕಲಚೇತನರಿಗಿರುವ ನಿರಾಮಯ ಆರೋಗ್ಯ ವಿಮೆಯ ವಿಳಾಸವನ್ನೂ ಬದಲಿಸಬೇಕು, ಇಬ್ಬರಿಗೂ ವರ್ಷಕ್ಕೆ 1 ಲಕ್ಷದವರೆಗೆ ಇರುವ ಅದನ್ನು ಬಿಡುವ ಹಾಗಿಲ್ಲ.

ಜೀರಿಗೆಯನ್ನು ಡಿಸೆಂಬರಿನಿಂದ ಕಡಿಮೆ ಮಾಡುತ್ತಾ ಬಂದಿದ್ದೇನೆ. ಒಂದು ಚಮಚ ಇದ್ದದ್ದು ಈ ವಾರ ಅರ್ಧಕ್ಕೆ ಬಂದಿದೆ. ನಿನ್ನೆ ಲೋಟ ಎತ್ತಿ, ಮೂಸಿ, ನನ್ನ ಮುಖ ನೋಡಿ, ಕುಡಿದ.